ಮಕ್ಕಳಲ್ಲಿ ಹೋಲಿಕೆ: ಹಿತವೋ, ಹಿಂಸೆಯೋ?

ವಿಜಯದಶಮಿಯ ಪುಣ್ಯದಿನದಂದು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಸಂಪ್ರದಾಯವು ನಮ್ಮ ಅನೇಕ ಮನೆಗಳಲ್ಲಿ ಉಂಟು. ಅದೇ ದಿನ ಶ್ರೀಮದಾಚಾರ್ಯರ ಜಯಂತಿಯೂ ಆಗಿರುವುದು ನಮ್ಮ ಪಾಲಿಗೆ ಇನ್ನೊಂದು ವಿಶೇಷ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಹಿರಿಯರು ಮಗುವಿನ ಬೆರಳನ್ನು ಹಿಡಿದು ಮೊದಲ ಅಕ್ಷರವನ್ನು ಬರೆಯಿಸುತ್ತಾರೆ. ಆ ಅಕ್ಷರವು ಸೊಟ್ಟಗಾದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಪಕ್ಕದ ಮನೆಯ ಮಗುವು ಇದಕ್ಕಿಂತ ದುಂಡಾಗಿ ಬರೆಯಿತೆಂದು ಯಾರೂ ನೆನಪಿಸುವುದಿಲ್ಲ. ವಿದ್ಯೆಯು ಮನೆಯೊಳಕ್ಕೆ ಬಂದಿತೆಂಬ ಸಂತೋಷವೊಂದೇ ಎಲ್ಲರ ಮುಖದಲ್ಲಿಯೂ ಕಾಣುತ್ತದೆ.

ಆದರೆ ಹತ್ತು ಹನ್ನೆರಡು ವರ್ಷಗಳು ಕಳೆಯುವುದರೊಳಗೆ ಅದೇ ಮನೆಯಲ್ಲಿ, ಅದೇ ಹಿರಿಯರ ಬಾಯಿಂದ ಬೇರೆ ಮಾತುಗಳು ಹೊರಡುತ್ತವೆ. "ನಿನ್ನ ಅಣ್ಣ ಈ ವಯಸ್ಸಿಗೆ ಹೀಗಿರಲಿಲ್ಲ", "ಎದುರುಮನೆಯ ಹುಡುಗಿಯನ್ನು ನೋಡಿ ಕಲಿ", "ನಿನ್ನ ಚಿಕ್ಕಪ್ಪನ ಮಗನಿಗೆ ಎಷ್ಟು ಬಂದಿದೆ ಗೊತ್ತೇ?" ಎಂಬ ಮಾತುಗಳು ನಿತ್ಯಪಾರಾಯಣದಂತೆ ಮಗುವಿನ ಕಿವಿಗೆ ಬೀಳತೊಡಗುತ್ತವೆ. ಹೇಳುವವರು ಶತ್ರುಗಳಲ್ಲ, ಮಗುವಿನ ಏಳಿಗೆಯನ್ನೇ ಬಯಸುವ ತಂದೆತಾಯಿಗಳು. ಆದುದರಿಂದಲೇ ಈ ವಿಷಯವನ್ನು ಕೋಪತಾಪಗಳಿಲ್ಲದೆ ವಿಚಾರಮಾಡುವುದು ಅಗತ್ಯವಾಗಿದೆ. ಒಬ್ಬನ ಹಿತಕ್ಕಾಗಿ ಅವನನ್ನು ಮತ್ತೊಬ್ಬನೊಡನೆ ತೂಗುವುದು ಧರ್ಮವೇ? ಅದರಿಂದ ಹಿತವು ನಿಜವಾಗಿಯೂ ಉಂಟಾಗುತ್ತದೆಯೇ? ಇದೇ ಇಂದಿನ ಪ್ರಶ್ನೆ.

ಹೋಲಿಕೆಯು ಬೇಕೆನ್ನುವವರ ವಾದವನ್ನು ಮೊದಲು ಕೇಳೋಣ. ಅವರು ಹೇಳುವುದಿಷ್ಟು: ಲೋಕವು ಸ್ಪರ್ಧೆಯಿಂದ ತುಂಬಿದೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಎಷ್ಟು ಬಂದವೆಂಬುದನ್ನು ನೋಡಿಯೇ ಮುಂದಿನ ಕಾಲೇಜು ಸಿಕ್ಕುತ್ತದೆ. ಸಿಇಟಿ, ನೀಟ್, ಜೆಇಇ ಮುಂತಾದ ಪರೀಕ್ಷೆಗಳು ಸಾವಿರಾರು ಮಂದಿಯನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಎಣಿಸುತ್ತವೆ. ಹೊರಗಿನವರು ಹೇಗೂ ಹೋಲಿಸುವರೆಂದ ಮೇಲೆ ಮನೆಯಲ್ಲಿಯೇ ಅದನ್ನು ಅಭ್ಯಾಸಮಾಡಿಸಿದರೆ ತಪ್ಪೇನು? ಮೇಲಾಗಿ, ಇನ್ನೊಬ್ಬನನ್ನು ಕಂಡಾಗಲ್ಲವೇ ನಮಗೂ ಹುರುಪು ಹುಟ್ಟುವುದು?

ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಪರೀಕ್ಷೆಗಳು ಇರುವುದು ನಿಜ. ಅವುಗಳಲ್ಲಿ ಕ್ರಮಾಂಕಗಳೂ ಇರುವುದು ನಿಜ. ಆದರೆ ಕಾಲೇಜಿನವರು ಅಂಕಗಳನ್ನು ನೋಡುವುದಕ್ಕೂ ತಾಯಿಯು ಅಂಕಗಳನ್ನು ನೋಡುವುದಕ್ಕೂ ಭೇದವುಂಟು. ಕಾಲೇಜಿನವರಿಗೆ ಇರುವ ಸ್ಥಾನಗಳು ಸ್ವಲ್ಪ, ಕೇಳುವವರು ಹೆಚ್ಚು; ಆದುದರಿಂದ ಅವರು ಒಂದು ಅಳತೆಗೋಲನ್ನು ಹಿಡಿಯಲೇಬೇಕು. ತಾಯಿಯ ಮಡಿಲಿನಲ್ಲಿ ಅಂತಹ ಸ್ಥಾನಾಭಾವವಿಲ್ಲ. ಅಲ್ಲಿಯೂ ಅದೇ ಅಳತೆಗೋಲನ್ನು ಹಿಡಿದರೆ, ಹೊರಗೆ ಸೋತುಬಂದ ಮಗುವಿಗೆ ಮರಳಿಬರಲು ಸ್ಥಳವೆಲ್ಲಿ?

ಈ ಪ್ರಶ್ನೆಯು ಅಲಂಕಾರದ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ಕೊಟ್ಟ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಇವರೆಲ್ಲರಿಗೂ ಕಾರಣವೊಂದೇ ಎಂದು ಹೇಳಲಾಗದು. ಮನೆಯ ಕಷ್ಟ, ರೋಗ, ಒಂಟಿತನ ಮುಂತಾಗಿ ಕಾರಣಗಳು ಹಲವು. ಆದರೆ ಸೋಲಿನ ನಾಚಿಕೆಯೂ ಅವುಗಳಲ್ಲಿ ಒಂದೆಂಬುದನ್ನು ಯಾರೂ ಅಲ್ಲಗಳೆಯರು. ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯದ ವಿಷಯದಲ್ಲಿ 2025ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೆಲವು ಮಾರ್ಗಸೂಚಿಗಳನ್ನು ಕೊಟ್ಟಿತು. ಅಂಕಗಳನ್ನು ನೋಡಿ ವಿದ್ಯಾರ್ಥಿಗಳನ್ನು ಬೇರೆ ಬೇರೆ ಗುಂಪುಗಳಾಗಿ ಒಡೆಯುವುದನ್ನೂ, ನಾಲ್ವರ ಎದುರಿನಲ್ಲಿ ಅವಮಾನಿಸುವುದನ್ನೂ, ಶಕ್ತಿಗೆ ಮೀರಿದ ಗುರಿಗಳನ್ನು ಹೊರಿಸುವುದನ್ನೂ ವಿದ್ಯಾಸಂಸ್ಥೆಗಳು ಸಾಧ್ಯವಾದಷ್ಟು ಬಿಡಬೇಕೆಂಬುದು ಅವುಗಳಲ್ಲಿ ಒಂದು. ಪಾಠಶಾಲೆಗೆ ಸಲ್ಲದ ನಡತೆಯು ಮನೆಗೆ ಹೇಗೆ ಸಂದೀತು?

ಇನ್ನು ಶಾಸ್ತ್ರದೃಷ್ಟಿಯಿಂದ ವಿಚಾರಮಾಡೋಣ. ನಮ್ಮ ಸಿದ್ಧಾಂತದಲ್ಲಿ ಪಂಚಭೇದಗಳು ಪ್ರಸಿದ್ಧವಾಗಿವೆ. ಅವುಗಳಲ್ಲಿ ಒಂದು ಜೀವಜೀವಭೇದ. ಒಬ್ಬ ಜೀವನು ಮತ್ತೊಬ್ಬ ಜೀವನಂತೆ ಇರುವುದಿಲ್ಲ. ದೇಹ, ಹೆಸರು, ಮನೆತನಗಳಲ್ಲಿ ಮಾತ್ರವಲ್ಲ, ಸ್ವರೂಪದಲ್ಲಿಯೇ ಪ್ರತಿಯೊಬ್ಬನೂ ಬೇರೆ. ಇದನ್ನು ಪ್ರವಚನಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ವಾದದಲ್ಲಿ ಸಮರ್ಥಿಸಲೂ ಬಲ್ಲೆವು. ಆದರೆ ಈ ತತ್ತ್ವವು ಅಡುಗೆಮನೆಯವರೆಗೂ ಮಕ್ಕಳ ಓದಿನ ಕೋಣೆಯವರೆಗೂ ಬರಬೇಡವೇ? ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಒಂದೇ ಅನ್ನವನ್ನು ಉಂಡ ಇಬ್ಬರು ಮಕ್ಕಳು ಇಬ್ಬರು ಬೇರೆ ಜೀವರು. ಅವರನ್ನು ನಮ್ಮ ಮನೆಗೆ ಕಳುಹಿಸಿದವನು ಶ್ರೀಹರಿ. "ಅವನಂತೆ ನೀನೇಕಿಲ್ಲ?" ಎಂಬ ಪ್ರಶ್ನೆಗೆ ಮಗುವು ಉತ್ತರ ಕೊಡಲಾರದು. ಅದು ಉತ್ತರವಿಲ್ಲದ ಪ್ರಶ್ನೆ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಭೇದದೊಡನೆ ತಾರತಮ್ಯವನ್ನೂ ನಮ್ಮ ಸಿದ್ಧಾಂತವು ಒಪ್ಪುತ್ತದೆಯಲ್ಲವೇ? ಹಾಗಿದ್ದಮೇಲೆ ಮಕ್ಕಳಲ್ಲಿಯೂ ಮೇಲು ಕೀಳುಗಳನ್ನು ಹೇಳಿದರೆ ದೋಷವೇನು? ಇದಕ್ಕೆ ಸಮಾಧಾನವಿಷ್ಟು. ಜೀವರ ಸ್ವರೂಪಯೋಗ್ಯತೆಯನ್ನು ಪೂರ್ಣವಾಗಿ ಬಲ್ಲವನು ಸರ್ವಜ್ಞನಾದ ಭಗವಂತನು. ನಮ್ಮಂತಹ ಸಾಮಾನ್ಯರು ಅದನ್ನು ಮೂರು ಗಂಟೆಗಳ ಪರೀಕ್ಷೆಯಿಂದ ನಿರ್ಣಯಿಸಲು ಹೊರಡುವುದು ಸಾಹಸವೇ ಸರಿ. ಮೇಲಾಗಿ, ತಾರತಮ್ಯಜ್ಞಾನವು ನಮಗಿಂತ ಹಿರಿಯರಾದವರಲ್ಲಿ ಭಕ್ತಿಯನ್ನು ಬೆಳೆಸುವುದಕ್ಕಾಗಿ ಹೇಳಲ್ಪಟ್ಟಿದೆ. ಕಿರಿಯರನ್ನು ಹಳಿಯುವುದಕ್ಕಾಗಿ ಅಲ್ಲ. ದೇವತೆಗಳ ತಾರತಮ್ಯವನ್ನು ಚಿಂತಿಸುವವನು ವಿನಯಿಯಾಗುತ್ತಾನೆ. ಅಂಕಗಳ ತಾರತಮ್ಯವನ್ನು ಚಿಂತಿಸುವವನಿಗೆ ಮದವೋ ಮಾತ್ಸರ್ಯವೋ ಬರುತ್ತದೆ. ಫಲವು ಇಷ್ಟು ವಿರುದ್ಧವಾಗಿರುವಾಗ ಇವೆರಡನ್ನೂ ಒಂದೆಂದು ಹೇಗೆ ಹೇಳೋಣ?

ಮತ್ತೊಂದು ಆಕ್ಷೇಪವೂ ಉಂಟು. ಸ್ವಭಾವವು ಬೇರೆಬೇರೆಯೆಂದು ಹೇಳಿ ಕೈಕಟ್ಟಿ ಕುಳಿತರೆ ಮಕ್ಕಳು ಸೋಮಾರಿಗಳಾಗುವುದಿಲ್ಲವೇ? ಈ ಭಯವೂ ಬೇಕಾಗಿಲ್ಲ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನಿಗೆ ಕರ್ತೃತ್ವವುಂಟೆಂದು ನಿರ್ಣಯಿಸಲಾಗಿದೆ. ಆ ಕರ್ತೃತ್ವವು ಭಗವಂತನ ಅಧೀನವಾದುದು, ಆದರೂ ಉಂಟು. ಇಲ್ಲದಿದ್ದರೆ ಹೀಗೆ ಮಾಡು, ಹೀಗೆ ಮಾಡಬೇಡವೆಂಬ ಶಾಸ್ತ್ರದ ಮಾತುಗಳೆಲ್ಲ ವ್ಯರ್ಥವಾಗುತ್ತಿದ್ದವು. ಆದುದರಿಂದ ಪ್ರಯತ್ನವನ್ನು ಕೇಳುವುದು ತಂದೆತಾಯಿಗಳ ಕರ್ತವ್ಯವೇ. ಆದರೆ ಕೇಳಬೇಕಾದುದು ಈ ಮಗುವಿನ ಪ್ರಯತ್ನವನ್ನು. ಇನ್ನೊಂದು ಮಗುವಿನ ಫಲವನ್ನಲ್ಲ. ಸ್ವಧರ್ಮದ ಮಾತು ಗೀತೆಯಲ್ಲಿ ಮೂರನೆಯ ಅಧ್ಯಾಯದಲ್ಲಿ ಬಂದು, ಹದಿನೆಂಟನೆಯ ಅಧ್ಯಾಯದಲ್ಲಿ ಮತ್ತೆ ಬಂದಿದೆ. ಒಂದೇ ಮಾತನ್ನು ಭಗವಂತನು ಎರಡು ಬಾರಿ ಹೇಳಿದನೆಂದರೆ ಅದು ಮನುಷ್ಯನಿಗೆ ಬೇಗ ಮರೆತುಹೋಗುವ ಮಾತೆಂದೇ ಭಾವಿಸಬೇಕು.

ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರ ಶಿಷ್ಯರ ವಿಷಯವು ಬರುತ್ತದೆ. ಒಬ್ಬರೇ ಗುರುಗಳ ಬಳಿ ಕಲಿತರೂ ಅರ್ಜುನನು ಬಿಲ್ವಿದ್ಯೆಯಲ್ಲಿಯೂ, ಭೀಮದುರ್ಯೋಧನರು ಗದೆಯಲ್ಲಿಯೂ, ನಕುಲಸಹದೇವರು ಖಡ್ಗದಲ್ಲಿಯೂ, ಧರ್ಮರಾಜನು ರಥಯುದ್ಧದಲ್ಲಿಯೂ ಹೆಸರಾದರು. ಭೀಮನ ಬಿಲ್ಲನ್ನು ಅರ್ಜುನನ ಬಿಲ್ಲಿನೊಡನೆ ತೂಗಿ ಅವನನ್ನು ದಡ್ಡನೆಂದು ಕರೆದಿದ್ದರೆ ನಷ್ಟವು ಯಾರಿಗೆ? ಅದೇ ಭಾರತದ ಸಭಾಪರ್ವದಲ್ಲಿ ಇದಕ್ಕೆ ವಿರುದ್ಧವಾದ ಚಿತ್ರವಿದೆ. ರಾಜಸೂಯದಿಂದ ಮರಳಿದ ದುರ್ಯೋಧನನು ಬಿಳಿಚಿಕೊಂಡು ಕೃಶನಾಗುತ್ತಾನೆ. ಒಳ್ಳೆಯ ಊಟ, ಒಳ್ಳೆಯ ಬಟ್ಟೆ, ಒಳ್ಳೆಯ ಕುದುರೆಗಳು ಇರುವಾಗ ನಿನಗೆ ಏನು ಕಡಿಮೆಯಾಗಿದೆಯೆಂದು ಧೃತರಾಷ್ಟ್ರನು ಕೇಳುತ್ತಾನೆ. ನಿಜವಾಗಿಯೂ ಅವನಿಗೆ ಯಾವುದೂ ಕಡಿಮೆಯಾಗಿರಲಿಲ್ಲ. ಪಾಂಡವರಿಗೆ ಹೆಚ್ಚಾಗಿತ್ತು, ಅಷ್ಟೆ. ಪಾಂಡವರನ್ನು ದ್ವೇಷಿಸಬೇಡವೆಂದು ತಂದೆಯು ಮೊದಲು ಬುದ್ಧಿ ಹೇಳಿದನು. ಕೊನೆಗೆ ಮಗನ ಹಟಕ್ಕೆ ಸೋತು ದ್ಯೂತಕ್ಕೆ ಒಪ್ಪಿದನು. ಹೋಲಿಕೆಯ ಬೇಗೆಯು ಒಂದು ಮನೆಯನ್ನು ಎಲ್ಲಿಗೆ ಒಯ್ಯುವುದೆಂಬುದಕ್ಕೆ ಕುರುಕ್ಷೇತ್ರಕ್ಕಿಂತ ದೊಡ್ಡ ಸಾಕ್ಷಿಯು ಬೇಕಿಲ್ಲ.

ಹೋಲಿಕೆಯಿಂದ ಹಿಂದೆ ಬಿದ್ದ ಮಗುವಿಗೆ ಮಾತ್ರವೇ ಕೇಡೆಂದು ತಿಳಿಯಬಾರದು. ಮುಂದೆ ಇರುವ ಮಗುವಿಗೂ ಕೇಡುಂಟು. ಶ್ರೀನಿವಾಸಾಚಾರ್ಯರ ಕಥೆಯು ನಮ್ಮ ಮನೆಗಳಲ್ಲಿ ತಿಳಿಯದವರಿಲ್ಲ. ಸಂಸ್ಕೃತಪಾಂಡಿತ್ಯದ ಎತ್ತರದಲ್ಲಿ ನಿಂತು, ಕನ್ನಡದಲ್ಲಿ ಹಾಡುವ ಶ್ರೀವಿಜಯದಾಸರನ್ನು ಅವರು ಲಘುವಾಗಿ ಕಂಡರೆಂದೂ, ಅದರಿಂದ ಉದರವ್ಯಾಧಿಗೆ ತುತ್ತಾದರೆಂದೂ, ಕೊನೆಗೆ ಶ್ರೀಗೋಪಾಲದಾಸರ ಅನುಗ್ರಹದಿಂದ ಗುಣಹೊಂದಿದರೆಂದೂ ಸಂಪ್ರದಾಯವು ಹೇಳುತ್ತದೆ. ಆ ಬಳಿಕವೇ ಅವರು ಶ್ರೀಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ನಮಗೆ ಕೊಟ್ಟದ್ದು. ವಿದ್ಯೆಯಿದ್ದಾಗಲೂ ಹೋಲಿಕೆಯ ದೃಷ್ಟಿಯು ಅದನ್ನು ಮುಚ್ಚಿಬಿಡುತ್ತದೆ. ಆ ದೃಷ್ಟಿಯು ಹೋದಾಗ ವಿದ್ಯೆಯು ಫಲಿಸುತ್ತದೆ.

ಬುದ್ಧಿವಂತ ಮಗುವನ್ನು ಪಡೆದ ತಂದೆತಾಯಿಗಳಿಗೆ ಸುಮಧ್ವವಿಜಯದಲ್ಲಿ ಒಂದು ಸೂಕ್ಷ್ಮವಾದ ಪಾಠವುಂಟು. ಬಾಲಕನಾದ ವಾಸುದೇವನು, ನಿನ್ನೆ ಬರೆಸಿದ ಅಕ್ಷರಗಳನ್ನೇ ಇಂದು ಮತ್ತೆ ಏಕೆ ಬರೆಸುವಿರೆಂದು ತಂದೆಯನ್ನು ಕೇಳಿದನೆಂದು ನಾರಾಯಣಪಂಡಿತಾಚಾರ್ಯರು ವರ್ಣಿಸಿದ್ದಾರೆ. ಇಂತಹ ಮಗನನ್ನು ಪಡೆದ ತಂದೆಯು ಊರಿನವರನ್ನು ಕರೆದು ತೋರಿಸಲಿಲ್ಲ. ಕೆಟ್ಟ ದೃಷ್ಟಿಯು ತಾಗೀತೆಂದು ಅಂಜಿ, ಜನರಿಲ್ಲದ ಸ್ಥಳದಲ್ಲಿ ಪಾಠ ಹೇಳಿದರು. ಆಚಾರ್ಯರ ಮಹಿಮೆಗೆ ನಮ್ಮ ಮಕ್ಕಳನ್ನು ಸರಿಗಟ್ಟಲು ಇದನ್ನು ಹೇಳುತ್ತಿಲ್ಲ. ಮಧ್ಯಗೇಹಭಟ್ಟರ ವಿವೇಕವನ್ನು ನಾವೂ ಸ್ವಲ್ಪ ಕಲಿಯಬಹುದೆಂದು ಹೇಳುತ್ತಿದ್ದೇವೆ. ಅಂಕಪಟ್ಟಿಯು ಕೈಸೇರಿದ ಕ್ಷಣದಲ್ಲಿಯೇ ಅದರ ಚಿತ್ರವನ್ನು ಮೊಬೈಲಿನ ಮೂಲಕ ನೂರು ಮನೆಗಳಿಗೆ ಕಳುಹಿಸುವುದು ಇಂದಿನ ರೂಢಿ. ಆ ನೂರು ಮನೆಗಳಲ್ಲಿ ಹತ್ತು ಮನೆಗಳ ಮಕ್ಕಳು ಅಂದು ಊಟಕ್ಕೆ ಮುನ್ನವೇ ಬೈಗುಳವನ್ನು ಉಣ್ಣುತ್ತಾರೆಂಬುದು ನಮ್ಮ ನೆನಪಿಗೆ ಬರುವುದಿಲ್ಲ.

ಮಕ್ಕಳು ದೊಡ್ಡವರಾಗಿ ಉದ್ಯೋಗಕ್ಕೆ ಸೇರಿದ ಮೇಲಾದರೂ ಈ ತೂಕವು ನಿಲ್ಲುತ್ತದೆಯೇ? ಇಲ್ಲ. ಅಂಕಗಳ ಸ್ಥಳದಲ್ಲಿ ಸಂಬಳವು ಬಂದು ಕೂರುತ್ತದೆ. ಹಿರಿಯ ಮಗನು ಅಮೆರಿಕದಲ್ಲಿ ಇಂಜಿನಿಯರನಾಗಿದ್ದಾನೆ. ಕಿರಿಯನು ಊರಿನಲ್ಲಿಯೇ ಸಣ್ಣ ನೌಕರಿಯಲ್ಲಿದ್ದು ತಂದೆತಾಯಿಗಳೊಡನೆ ಇದ್ದಾನೆಂದು ಇಟ್ಟುಕೊಳ್ಳೋಣ. ರಾತ್ರಿ ಎರಡು ಗಂಟೆಗೆ ತಂದೆಗೆ ಉಬ್ಬಸ ಬಂದಾಗ ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವವನು ಕಿರಿಯನು. ಶ್ರಾದ್ಧದ ದಿನ ಬ್ರಾಹ್ಮಣರನ್ನು ಕರೆದು, ಬಾಳೆಯೆಲೆ ದರ್ಭೆಗಳನ್ನು ಹೊಂದಿಸುವವನೂ ಅವನೇ. ಆದರೆ ಬಂದ ನೆಂಟರ ಮುಂದೆ ಗೋಡೆಯ ಮೇಲಿನ ಚಿತ್ರವನ್ನು ತೋರಿಸಿ ಹೊಗಳುವುದು ಹಿರಿಯನನ್ನು. ಕಿರಿಯನು ಕಾಫಿಯ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತು ಆ ಮಾತುಗಳನ್ನು ಕೇಳುತ್ತಾನೆ. ಹಿರಿಯನ ಯೋಗ್ಯತೆಯು ಸುಳ್ಳಲ್ಲ. ಅವನು ಕಳುಹಿಸುವ ಹಣದಿಂದ ಔಷಧವು ಬರುತ್ತಿರಬಹುದು, ದೂರದಲ್ಲಿ ಅವನು ಪಡುವ ಸಂಕಟವೂ ಅವನಿಗೇ ಗೊತ್ತು. ಇಬ್ಬರೂ ಮಾತೃಪಿತೃಋಣವನ್ನು ತಮಗೆ ಸಾಧ್ಯವಾದಂತೆ ತೀರಿಸುತ್ತಿದ್ದಾರೆ. ಒಬ್ಬನ ಸೇವೆಯನ್ನು ಇನ್ನೊಬ್ಬನ ಸಂಬಳದಿಂದ ಅಳೆದಾಗ ಅಣ್ಣತಮ್ಮಂದಿರ ನಡುವೆ ಬಿರುಕು ಬೀಳುತ್ತದೆ. ತಂದೆತಾಯಿಗಳು ಹೋದ ಮೇಲೆ ಅದು ಆಸ್ತಿಯ ಜಗಳವಾಗಿ ಹೊರಬೀಳುತ್ತದೆ. ಅದರ ಬೀಜವು ಆ ಕಾಫಿಯ ಹೊತ್ತಿನ ಮಾತಿನಲ್ಲಿಯೇ ಇತ್ತೆಂದು ಆಗ ಯಾರಿಗೂ ಹೊಳೆಯುವುದಿಲ್ಲ.

ಹೆಣ್ಣುಮಕ್ಕಳ ಮತ್ತು ಸೊಸೆಯಂದಿರ ವಿಷಯವೂ ಹೀಗೆಯೇ. ಕಚೇರಿಗೆ ಹೋಗುವ ಸೊಸೆಯನ್ನು ಮಡಿ ಅಡುಗೆ ಬಾರದವಳೆಂದೂ, ಮನೆಯಲ್ಲಿರುವ ಸೊಸೆಯನ್ನು ಸಂಪಾದನೆಯಿಲ್ಲದವಳೆಂದೂ ಹೇಳಿದರೆ, ಒಬ್ಬಳಿಗೆ ಹೇಳಿದ ಮಾತು ಇಬ್ಬರಿಗೂ ನೋವಾಗಿ ಮುಟ್ಟುತ್ತದೆ.

ಹಾಗಾದರೆ ಮಕ್ಕಳಿಗೆ ಆದರ್ಶಗಳನ್ನೇ ತೋರಿಸಬಾರದೇ? ತೋರಿಸಬೇಕು. ಆದರ್ಶಕ್ಕೂ ಹೋಲಿಕೆಗೂ ಇರುವ ಭೇದವನ್ನು ತಿಳಿದರೆ ಸಾಕು. "ಧ್ರುವನು ಇಷ್ಟು ಚಿಕ್ಕವನಾಗಿ ಹೀಗೆ ದೃಢವಾಗಿ ನಿಂತನು" ಎಂದು ಕಥೆ ಹೇಳಿದರೆ ಅದು ಆದರ್ಶ. ಕೇಳಿದ ಮಗುವಿಗೆ ಮಾಡಲು ಒಂದು ಕೆಲಸವು ಸಿಕ್ಕುತ್ತದೆ. "ಅವನು ನಿನಗಿಂತ ಮೇಲು" ಎಂದರೆ ಅದು ಹೋಲಿಕೆ. ಕೇಳಿದ ಮಗುವಿಗೆ ಒಂದು ಸ್ಥಾನವು ಮಾತ್ರ ಸಿಕ್ಕುತ್ತದೆ, ಅದೂ ಕೆಳಗಿನ ಸ್ಥಾನ. ಹೇಳುವ ಮುನ್ನ ನಾವು ಕೇಳಿಕೊಳ್ಳಬೇಕಾದುದು ಇಷ್ಟೆ: ಈ ಮಾತಿನಿಂದ ಮಗುವಿಗೆ ಕೆಲಸ ಸಿಕ್ಕುವುದೋ, ಬರಿಯ ಸ್ಥಾನ ಸಿಕ್ಕುವುದೋ?

ಇನ್ನು ನಿತ್ಯವ್ಯವಹಾರದಲ್ಲಿ ಪಾಲಿಸಬಹುದಾದ ಕೆಲವು ಸಂಗತಿಗಳನ್ನು ಸೂಚಿಸುತ್ತೇವೆ.

ಮೊದಲನೆಯದಾಗಿ, ಮಗುವನ್ನು ಹೋಲಿಸಲೇಬೇಕೆಂದಿದ್ದರೆ ಅದರ ನಿನ್ನೆಯೊಡನೆ ಹೋಲಿಸಬೇಕು. ಕಳೆದ ತಿಂಗಳ ಪರೀಕ್ಷೆಯ ಉತ್ತರಪತ್ರಿಕೆಯನ್ನೂ ಈ ತಿಂಗಳಿನದನ್ನೂ ಪಕ್ಕದಲ್ಲಿಟ್ಟುಕೊಂಡು ಮಗುವಿನೊಡನೆ ಕುಳಿತು ನೋಡಬೇಕು. ಯಾವ ಲೆಕ್ಕ ತಪ್ಪಿತು, ಪ್ರಶ್ನೆ ತಿಳಿಯದೆಯೋ, ಅವಸರದಿಂದಲೋ, ಅಭ್ಯಾಸವಿಲ್ಲದೆಯೋ ಎಂದು ವಿಂಗಡಿಸಬೇಕು. "ಗಣಿತದಲ್ಲಿ ಹಿಂದೆ" ಎಂಬ ಮಾತಿನಿಂದ ಆಗುವುದೇನೂ ಇಲ್ಲ. "ಭಿನ್ನರಾಶಿಯ ಭಾಗಾಕಾರದಲ್ಲಿ ತಪ್ಪುತ್ತಿದೆ, ವಾರಕ್ಕೆ ಹತ್ತು ಲೆಕ್ಕಗಳನ್ನು ಮಾಡೋಣ" ಎಂದರೆ ದಾರಿಯು ತೆರೆಯುತ್ತದೆ.

ಎರಡನೆಯದಾಗಿ, ಓದಿನ ಹೊತ್ತು ಇಡೀ ಮನೆಗೆ ಓದಿನ ಹೊತ್ತಾಗಲಿ. ಸಂಧ್ಯಾವಂದನೆ, ದೀಪ ಹಚ್ಚುವುದು ಮುಗಿದ ಮೇಲೆ ಒಂದು ಗಂಟೆ ದೂರದರ್ಶನವನ್ನೂ ಮೊಬೈಲನ್ನೂ ದೂರವಿಟ್ಟು ತಂದೆಯು ಸ್ತೋತ್ರಪಾಠವನ್ನೋ ಪತ್ರಿಕೆಯನ್ನೋ ಓದುತ್ತ ಕುಳಿತರೆ, ಓದೆಂದು ಕೂಗುವ ಪ್ರಮೇಯವೇ ಬಾರದು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರುವು ಮನೆಗೆ ಹೊರಟ ಶಿಷ್ಯನಿಗೆ, ನಮ್ಮಲ್ಲಿರುವ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸು, ಉಳಿದವನ್ನಲ್ಲವೆಂದು ಉಪದೇಶಿಸುತ್ತಾನೆ. ಮಕ್ಕಳು ನಮ್ಮನ್ನು ನೋಡುತ್ತಲೇ ಇರುತ್ತಾರೆಂಬುದು ಆ ಗುರುವಿಗೆ ಗೊತ್ತಿತ್ತು.

ಮೂರನೆಯದಾಗಿ, ಒಬ್ಬನನ್ನು ಹೊಗಳುವಾಗ ಇನ್ನೊಬ್ಬನ ಹೆಸರನ್ನು ಎತ್ತಬಾರದು. "ಚೆನ್ನಾಗಿ ಓದಿದೆ" ಎಂದರೆ ಹೊಗಳಿಕೆಯು ಪೂರ್ಣವಾಯಿತು. "ನಿನ್ನ ತಮ್ಮನಿಗೂ ಸ್ವಲ್ಪ ಬುದ್ಧಿ ಹೇಳು" ಎಂದು ಸೇರಿಸಿದರೆ ಹೊಗಳಿಕೆಯು ಕೆಟ್ಟಿತು, ತಮ್ಮನೂ ದೂರವಾದನು.

ನಾಲ್ಕನೆಯದಾಗಿ, ಉಪನಯನ ಮದುವೆಗಳ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಹುಡುಗನನ್ನು "ಎಷ್ಟು ಪರ್ಸೆಂಟು ಬಂತು?" ಎಂದು ಕೇಳುವ ಅಭ್ಯಾಸವನ್ನು ಹಿರಿಯರು ಬಿಡುವುದು ಮೇಲು. "ಈಗ ಏನು ಓದುತ್ತಿದ್ದೀಯಪ್ಪಾ? ಅದರಲ್ಲಿ ನಿನಗೆ ಯಾವುದು ಹಿಡಿಸಿತು?" ಎಂದು ಕೇಳಿದರೆ ಹುಡುಗನು ಬಾಯಿ ಬಿಡುತ್ತಾನೆ, ನಮಗೂ ಒಂದು ಹೊಸ ವಿಷಯವು ತಿಳಿದೀತು.

ಐದನೆಯದಾಗಿ, ಫಲಿತಾಂಶದ ದಿನ. ಅಂದು ಮನೆಯಲ್ಲಿ ಹೊರಡುವ ಮೊದಲ ಮಾತನ್ನು ಮಗುವು ಬಹುಕಾಲ ಮರೆಯುವುದಿಲ್ಲ. ಆದುದರಿಂದ ಮೊದಲು ಊಟ, ಬಳಿಕ ಮಾತು. ಎಸ್ಸೆಸ್ಸೆಲ್ಸಿಯಲ್ಲಿಯೂ ಪಿಯುಸಿಯಲ್ಲಿಯೂ ಒಂದೇ ವರ್ಷದೊಳಗೆ ಮತ್ತೆ ಪರೀಕ್ಷೆ ಬರೆದು ಉತ್ತಮವಾದ ಅಂಕಗಳನ್ನು ಉಳಿಸಿಕೊಳ್ಳುವ ಪದ್ಧತಿಯು ನಮ್ಮ ರಾಜ್ಯದಲ್ಲಿ 2024ರಲ್ಲಿ ಬಂದಿತು. ಸರ್ಕಾರವೇ ಮತ್ತೊಂದು ಅವಕಾಶವನ್ನು ಕೊಡುವಾಗ ತಂದೆತಾಯಿಗಳು ಕೊಡದಿರುವರೇ? ಮಗುವು ಊಟ ನಿದ್ರೆಗಳನ್ನು ಬಿಟ್ಟು ಮೌನವಾದರೆ, ಬದುಕಿ ಫಲವಿಲ್ಲವೆಂಬ ಮಾತನ್ನು ಒಮ್ಮೆಯಾದರೂ ಆಡಿದರೆ, ಅದನ್ನು ನಾಟಕವೆಂದು ತಳ್ಳಿಹಾಕದೆ ಜೊತೆಯಲ್ಲಿಯೇ ಇರಬೇಕು, ವೈದ್ಯರನ್ನು ಕಾಣಬೇಕು. ಕೇಂದ್ರಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲುರಾತ್ರಿಯೆನ್ನದೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಔಷಧ ಕೊಡಿಸಲು ನಾಚದ ನಾವು ಮನಸ್ಸಿನ ಜ್ವರಕ್ಕೆ ನಾಚಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಸಭೆಸಮಾರಂಭಗಳ ವಿಷಯ. ಪ್ರತಿಭಾಪುರಸ್ಕಾರವು ಒಳ್ಳೆಯ ಪದ್ಧತಿ. ಕಷ್ಟಪಟ್ಟು ಓದಿದವರನ್ನು ಹರಸುವುದು ಉಚಿತವೇ. ಆದರೆ ಪ್ರತಿಭೆಯೆಂದರೆ ಅಂಕಗಳೇ ಎಂಬ ಭಾವನೆಯು ಆ ವೇದಿಕೆಯಿಂದ ಹರಡಬಾರದು. ಬೆಂಗಳೂರಿನಲ್ಲಿ 1956ರಲ್ಲಿ ಪೇಜಾವರದ ಶ್ರೀವಿಶ್ವೇಶತೀರ್ಥರು ಪೂರ್ಣಪ್ರಜ್ಞ ವಿದ್ಯಾಪೀಠವನ್ನು ಸ್ಥಾಪಿಸಿದರು. ಅಂತಹ ವಿದ್ಯಾಪೀಠಗಳಲ್ಲಿ ಹತ್ತಾರು ವರ್ಷ ಕುಳಿತು ನ್ಯಾಯಸುಧೆಯವರೆಗೆ ಓದುವ ಹುಡುಗನ ಶ್ರಮಕ್ಕೆ ಶೇಕಡಾವಾರು ಲೆಕ್ಕವೆಲ್ಲಿ? ಹಾಸಿಗೆ ಹಿಡಿದ ಅಜ್ಜಿಯನ್ನು ಒಂದು ವರ್ಷ ನೋಡಿಕೊಂಡು, ಅದರ ನಡುವೆಯೇ ಪರೀಕ್ಷೆ ಬರೆದು ಸಾಮಾನ್ಯ ಅಂಕಗಳನ್ನು ಪಡೆದ ಹುಡುಗಿಯ ತೂಕವೆಷ್ಟು? ಇಂತಹವರನ್ನೂ ಹೆಸರು ಹಿಡಿದು ಕರೆದು ಫಲಮಂತ್ರಾಕ್ಷತೆಯನ್ನು ಕೊಡುವುದಾದರೆ, ಕೆಳಗೆ ಕುಳಿತ ಎಷ್ಟೋ ಮಕ್ಕಳು ತಲೆಯೆತ್ತಿ ನೋಡಿಯಾರು.

ಮಕ್ಕಳು ನಮ್ಮ ಕೀರ್ತಿಗಾಗಿ ಬಂದ ಆಭರಣಗಳಲ್ಲ. ಅವರು ಭಗವಂತನು ಕೆಲವು ಕಾಲ ನಮ್ಮ ವಶಕ್ಕೆ ಕೊಟ್ಟ ನಿಕ್ಷೇಪಗಳು. ಒಬ್ಬರು ನಂಬಿ ಇಟ್ಟ ಒಡವೆಯನ್ನು ಇನ್ನೊಬ್ಬರ ಒಡವೆಯೊಡನೆ ತೂಗಿ ಹೀಗಳೆಯುವ ಅಧಿಕಾರವು ಕಾಯುವವನಿಗೆ ಇಲ್ಲ. ಅದನ್ನು ಜೋಪಾನವಾಗಿ ಬೆಳಗಿ ಒಡೆಯನಿಗೆ ಒಪ್ಪಿಸುವ ಭಾರ ಮಾತ್ರ ಇದೆ. ಪ್ರತಿಯೊಂದು ಮಗುವಿನಲ್ಲಿಯೂ ಅಂತರ್ಯಾಮಿಯಾಗಿರುವ ಶ್ರೀಹರಿಯು ಆ ಮಗುವಿಗೆ ತಕ್ಕ ಕೆಲಸವನ್ನು ಅದರಿಂದ ಮಾಡಿಸಲಿ. ಅದನ್ನು ಗುರುತಿಸುವ ಕಣ್ಣನ್ನೂ ಕಾಯುವ ತಾಳ್ಮೆಯನ್ನೂ ಹರಿವಾಯುಗುರುಗಳು ನಮ್ಮೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.